ರಾಗಿಯ ಉಸಿರು

ಇಲ್ಲಿ ಬರೆಯುವುದರಲ್ಲಿ ಎಷ್ಟನ್ನು ಕಣ್ಣಾರೆ ಕಂಡೆ, ಎಷ್ಟನ್ನು ಮನೆಯವರ ಬಾಯಲ್ಲಿ ಕೇಳಿ ಕೇಳಿ ಕಂಡೆನೆಂದು ನಂಬಿಕೊಂಡೆ ಎಂಬುದು ನನಗೇ ಖಚಿತವಿಲ್ಲ. ಮೊನ್ನೆ, ಮೊಳಕೆಗೆಂದು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತಿದ್ದ ಹುರುಳಿಕಾಳಿನ ಮುಚ್ಚಳ ತೆಗೆದೆ. ಬೆಚ್ಚಗಿನ, ಹುಳಿಯಾದ, ಸ್ವಲ್ಪ ಹೆಂಡದಂಥ ವಾಸನೆ ಮುಖಕ್ಕೆ ಬಡಿಯಿತು. ಕಾಳಿನೊಳಗೆ ಬೆರಳಿಟ್ಟರೆ ಬಿಸಿ. ಡಬ್ಬಿಯನ್ನು ಹಾಗೇ ಹಿಡಿದುಕೊಂಡು ನಿಂತೆ. ಮೇಷ್ಟ್ರು ನೆನಪಾದರು…

ಕೊಡಗು ಆಗ ತನ್ನದೇ ಒಂದು ರಾಜ್ಯ. ನಮ್ಮ ಶಿರಂಗಾಲದ ಶಾಲೆಗೆ ವಿಜ್ಞಾನ ಹೇಳಲು ಬಂದಿದ್ದ ಮೇಷ್ಟ್ರು ಕರಾವಳಿಯ ಕಡೆಯವರು. ನಮ್ಮ ಮನೆಯ ಜಗುಲಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ಊರು ಅವರಿಗೆ ಒಗ್ಗಲಿಲ್ಲ. ಊಟಕ್ಕೆ ಮುದ್ದೆ, ಮಾತಿಗೆ ಜನವಿಲ್ಲ. ಮಡಿಕೇರಿಗೆ ವರ್ಗ ಕೇಳಿಕೊಂಡು, ಬಾರದ ಆದೇಶಕ್ಕೆ ಕಾಯುತ್ತ, ಸಂಜೆ ಜಗುಲಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಬೋನಿನಲ್ಲಿದ್ದಂತೆ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿತ್ತೋ ಇಲ್ಲವೋ.

ಜೀವಕೋಶದ ಪಾಠ ಮಾತ್ರ ಅವರಿಗೆ ಹಬ್ಬ. ಸುಣ್ಣದ ತಿಳಿನೀರಿಗೆ ಪರಂಗಿ ಎಲೆಯ ದಂಟಿನಿಂದ ನಮ್ಮ ಕೈಲಿ ಊದಿಸಿದರು; ನೀರು ಹಾಲಿನಂತೆ ಬೆಳ್ಳಗಾಯಿತು. ಆಮೇಲೆ ಮೊಳಕೆ ಬಂದ ರಾಗಿಯನ್ನು ಒಂದು ಬಾಟಲಿಗೆ ತುಂಬಿ, ನಡುವೆ ಅಂಥದೇ ತಿಳಿನೀರಿನ ಪುಟ್ಟ ಸೀಸೆಯಿಟ್ಟು ಬಿರಡೆ ಹಾಕಿದರು. ಮಾರನೆಯ ದಿನ ನೋಡಿದರೆ ಅದೂ ಬೆಳ್ಳಗೆ. "ಯಾರು ಊದಿದ್ದು?" ಎಂದು ಕೇಳಿ, ತಾವೇ ಉತ್ತರ ಹೇಳಿದರು. ಒಂದೊಂದು ಕಾಳಿನೊಳಗೂ ಕಣ್ಣಿಗೆ ಕಾಣದ ಸಾವಿರಾರು ಕೋಣೆಗಳು. ಒಂದೊಂದು ಕೋಣೆಯಲ್ಲೂ ಒಂದು ಒಲೆ. ಸಕ್ಕರೆಯೇ ಸೌದೆ, ಗಾಳಿಯಲ್ಲಿರುವ ಆಮ್ಲಜನಕವೇ ಊದುಗೊಳವೆ. ಉರಿಯಿಂದ ಬಂದ ಶಕ್ತಿಯಲ್ಲಿ ಕೋಶ ತನ್ನ ಕೆಲಸ ಮಾಡಿಕೊಳ್ಳುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ, ಇಂಗಾಲದ ಗಾಳಿ ಹೊರಬರುತ್ತದೆ. ಒಣಗಿದ ಕಾಳಿನಲ್ಲಿ ಒಲೆ ಆರಿರುವುದಿಲ್ಲ, ಬೂದಿ ಮುಚ್ಚಿದ ಕೆಂಡವಾಗಿರುತ್ತದೆ. ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ.

ಇದು ಊರಿಗೆಲ್ಲ ತಮಾಷೆಯಾಯಿತು. ಚಿಕ್ಕಪ್ಪ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತ, "ಅಲ್ಲಾ ಮೇಷ್ಟ್ರೇ, ನಮ್ ರಾಗೀಗೆ ಮೂಗೆಲ್ಲೈತೆ?" ಎಂದು ಕೇಳಿದ್ದ.

"ಮೂಗು ಬೇಕಾದ್ದು ಶೀತಕ್ಕೆ ಗೌಡ್ರೇ, ಉಸಿರಿಗಲ್ಲ," ಎಂದರು ಮೇಷ್ಟ್ರು. ಚಿಕ್ಕಪ್ಪ ನಕ್ಕು ನಕ್ಕು ಎಲೆ ಅಡಿಕೆ ನೆತ್ತಿಗೇರಿಸಿಕೊಂಡ.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ನೆಲೆಸಿದವರು. ಬರುವಾಗ ಹಗೇವಿನ ಪದ್ಧತಿಯನ್ನೂ ತಂದಿದ್ದರು. ಹಗೇವು ಅಂದರೆ ರಾಗಿ ತುಂಬಿಡಲು ನೆಲದಲ್ಲಿ ಆಳವಾಗಿ ತೋಡಿದ ಗುಂಡಿ: ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಒಣನೆಲದಲ್ಲಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಕೊಡವರು ತಮ್ಮ ಭತ್ತವನ್ನು ಮನೆಯೊಳಗೆ ಮರದ ಪತ್ತಾಯದಲ್ಲಿ ಇಡುತ್ತಿದ್ದರು. ನಮ್ಮವರು ಅದನ್ನು ನೋಡಿಯೂ ಈ ತೇವದ ಸೀಮೆಯಲ್ಲಿ ನೆಲವನ್ನೇ ತೋಡಿದರು. ಅಜ್ಜ ಮಾಡಿದ್ದನ್ನು ಮೊಮ್ಮಕ್ಕಳೂ ಮಾಡಿದರು.

ಊರಿನ ಶಾಲೆ ಮುಗಿಸಿ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಬಂದಿದ್ದೆ. ಮೊದಲ ಮಳೆಗಳು ಬಿದ್ದಿದ್ದವು. ಅಪ್ಪ ಮತ್ತು ಚಿಕ್ಕಪ್ಪ ಹಿತ್ತಿಲಿನ ಹಗೇವಿನ ಬಾಯಿ ತೆಗೆದು, ರೂಢಿಯಂತೆ ಒಂದು ರಾತ್ರಿ ತೆರೆದು ಬಿಟ್ಟರು. ಬೆಳಿಗ್ಗೆ, ಕೆಟ್ಟ ಗಾಳಿಗೆ ಆರುತ್ತದೋ ಎಂದು ದೀಪ ಇಳಿಬಿಟ್ಟು ನೋಡಿದರು. ದೀಪ ಉರಿಯಿತು. ಚಿಕ್ಕಪ್ಪ ಇಳಿದ. ರಾಗಿ ತುಂಬಿದ ಮಂಕರಿಗಳು ಒಂದೊಂದಾಗಿ ಹಗ್ಗದಲ್ಲಿ ಮೇಲೆ ಬಂದವು. "ಅಡಿಗೋದಂಗೆಲ್ಲ ಬಿಸಿ ಐತಲ್ಲಣ್ಣ," ಎಂದು ಅವನು ಕೂಗಿದ್ದು ನನಗೆ ನೆನಪಿದೆ. ಅಥವಾ ಅಪ್ಪ ಹೇಳಿದ್ದು ನೆನಪಿದೆ… ಆಮೇಲೆ ಮಂಕರಿ ಬರಲಿಲ್ಲ. ಅಪ್ಪ ಹಗ್ಗ ಎಳೆದರೆ ಖಾಲಿ ಮಂಕರಿ ಬಂತು.

ಅಪ್ಪ ಇಳಿಯಲು ಕಾಲು ಚಾಚಿದ್ದರು. ಅಂದು ಭಾನುವಾರ, ಜಗುಲಿಯಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದ ಮೇಷ್ಟ್ರು ಒಂದು ಕೆನ್ನೆಯ ಸೋಪಿನೊಂದಿಗೇ ಓಡಿ ಬಂದು ಹಿಂದಿನಿಂದ ಅಪ್ಪನನ್ನು ತಬ್ಬಿ ನೆಲಕ್ಕೆ ಕೆಡವಿದರು.

"ಬುಡಿ ಮೇಷ್ಟ್ರೇ, ಒಳಗಿರೋನು ನನ್ ತಮ್ಮ ಕಣ್ರೀ."

"ನೀವು ಇಳಿದ್ರೆ ಇಬ್ಬರು. ನಿಮ್ಮ ಹಿಂದೆ ಮಗ ಇಳೀತಾನೆ, ಮೂವರು. ಬಿಡುದಿಲ್ಲ."

ಅಪ್ಪ ಅವರ ಕೈ ಕಚ್ಚಿದರು. ಮೇಷ್ಟ್ರು ಬಿಡಲಿಲ್ಲ. ಅಪ್ಪನ ಮೇಲೆ ಬಿದ್ದುಕೊಂಡೇ ನನಗೆ ಹೇಳಿದರು: ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸು, ಎತ್ತು, ಗಾಳಿಯನ್ನು ಕಡೆ. ನಾನೂ ಪಕ್ಕದ ಮನೆಯವನೂ ಕಡೆದೆವು. ದೀಪ ಇಳಿಸಿದರೆ ಆರಿತು. ಮತ್ತೆ ಕಡೆದೆವು, ದೀಪ ಮತ್ತೆ ಆರಿತು. ಕೊನೆಗೆ ಉರಿದಾಗ, ಸೊಂಟಕ್ಕೆ ಹಗ್ಗ ಕಟ್ಟಿಸಿಯೇ ಅಪ್ಪನನ್ನು ಇಳಿಯಗೊಟ್ಟರು. ಚಿಕ್ಕಪ್ಪನನ್ನು ಮೇಲೆತ್ತಿದಾಗ ಜೀವ ಇರಲಿಲ್ಲ.

ಬೆಳಿಗ್ಗೆ ದೀಪ ಉರಿದಿತ್ತಲ್ಲ ಎಂದು ಊರು ಕೇಳಿತು. ಕೆಟ್ಟ ಗಾಳಿ ಇದ್ದದ್ದು ರಾಗಿಯ ಮೇಲಲ್ಲ, ಕಾಳು ಕಾಳಿನ ಸಂದಿಯಲ್ಲಿ. ತೇವಕ್ಕೆ ಎಚ್ಚೆತ್ತ ರಾಗಿಯೂ ಬೂಷ್ಟೂ ಸೇರಿ ಉಸಿರಾಡಿ ಬಿಟ್ಟದ್ದು. ಕೆದಕಿದ ಹಾಗೆ ಹೊರಬಂತು, ಎಂದು ಮೇಷ್ಟ್ರು ವಿವರಿಸಿದರು. ಹೆಣದ ಮನೆಯಲ್ಲಿ ಪಾಠ. ಯಾರೂ ಕೇಳಿಸಿಕೊಳ್ಳಲಿಲ್ಲ.

ತಿಥಿ ಕಳೆದ ಮೇಲೆ ಚಿಕ್ಕಮ್ಮ ಒಂದು ಮಾತು ಹೇಳಿದರು. ಮೇಷ್ಟ್ರು ಅಪ್ಪನನ್ನು ಅಮುಕಿ ಹಿಡಿದಿದ್ದಾಗ ಒಳಗಿನಿಂದ "ಅಣ್ಣಾ, ಕೈ ಕೊಡು" ಎಂದು ಗಂಡ ಕೂಗಿದ್ದನ್ನು ತಾವು ಕೇಳಿದ್ದಾಗಿ. ಆ ಮಾತು ಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ ಹೋಯಿತು. ಮೇಷ್ಟ್ರಿಗೆ ಹಾಲು ಹಾಕುವವರು ಹಾಕುವುದನ್ನು ಬಿಟ್ಟರು. ಬೇರೆ ಯಾರೂ ಅವರಿಗೆ ಕೋಣೆ ಕೊಡಲಿಲ್ಲ, ಅಪ್ಪ ಬಿಡಿಸಲೂ ಇಲ್ಲ, ವರ್ಗ ಬರಲೂ ಇಲ್ಲ. ಒಂದೇ ಜಗುಲಿ. ಚಿಕ್ಕಮ್ಮ ಹೊರಗೆ ಬಂದರೆ ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರು ಬಾಗಿಲು ತೆರೆದರೆ ಚಿಕ್ಕಮ್ಮ ಒಳಗೆ ಹೋಗುತ್ತಿದ್ದರು. ಒಳಗೆ ಅಪ್ಪ ಉಣ್ಣುವಾಗ ಚಿಕ್ಕಮ್ಮನೇ ಬಡಿಸಬೇಕು. ಬದುಕಿ ಉಳಿದವನ ತಟ್ಟೆಗೆ ಮುದ್ದೆ ಇಡುವ ಆ ಕೈಯನ್ನು ಅಪ್ಪ ತಲೆಯೆತ್ತಿ ನೋಡುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು. "ಅವ್ನು ಕೂಗಿದ್ನಂತೆ ಮೇಷ್ಟ್ರೇ. ನಿಮಗೆ ಕೇಳುಸ್ತಾ?"

ಮೇಷ್ಟ್ರು ಎದ್ದು ನಿಂತರು. "ನಿಮ್ಮ ಕೂಗು ಬಿಟ್ರೆ ನನಗೆ ಬೇರೆ ಎಂತದೂ ಕೇಳ್ಲಿಲ್ಲ. ಕೇಳಿದ್ರೂ ನಾನು ಬಿಡ್ತಿರಲಿಲ್ಲ."

ಅಪ್ಪ ತಲೆಯಾಡಿಸಿ ಒಳಗೆ ಹೋದರು. ಕ್ಷಮಿಸಿದರೋ, ಆ ಉತ್ತರವನ್ನೇ ಹೊತ್ತುಕೊಂಡು ಬದುಕಿದರೋ ನನಗೆ ತಿಳಿಯಲಿಲ್ಲ. ಮುಂದಿನ ಬೇಸಿಗೆಗೆ ನಾನು ಬಂದಾಗ ಕೋಣೆ ಖಾಲಿಯಾಗಿತ್ತು. ವರ್ಗ ಬಂತೆಂದರು, ಕೆಲಸ ಬಿಟ್ಟರೆಂದೂ ಅಂದರು.

ನಾನು ಮುಂದೆ ಅದೇ ವಿಷಯ ಓದಿದೆ, ಅದನ್ನೇ ಕಲಿಸಿದೆ. ಆಮ್ಲಜನಕ ಸಿಗದಿದ್ದರೆ ಸ್ನಾಯುವಿನ ಕೋಶ ಸಕ್ಕರೆಯನ್ನು ಅರೆಬರೆ ಒಡೆದು, ಹುಳಿಯನ್ನು ಕೂಡಿಟ್ಟುಕೊಂಡು, ಸ್ವಲ್ಪ ಹೊತ್ತು ಹೇಗೋ ನಡೆಸುತ್ತದೆ. ಮಿದುಳಿನ ಕೋಶಕ್ಕೆ ಆ ದಾರಿ ಸಾಲದು. ಅದರ ಉಗ್ರಾಣದಲ್ಲಿ ಹೆಚ್ಚೇನೂ ಇರುವುದಿಲ್ಲ. ಅಂಥ ಗಾಳಿಯಲ್ಲಿ ಮನುಷ್ಯ ಬಹುಬೇಗ ಎಚ್ಚರ ತಪ್ಪುತ್ತಾನೆ. ಇದನ್ನು ಕರಿಹಲಗೆಯ ಮೇಲೆ ಬರೆಯುವಾಗಲೆಲ್ಲ ಚಿಕ್ಕಮ್ಮ ಹೇಳಿದ ಕೂಗು ನನ್ನ ಕಿವಿಯಲ್ಲಿರುತ್ತಿತ್ತು. ಬಹುಬೇಗ ಎಂದರೆ ತಕ್ಷಣ ಎಂದಲ್ಲವಲ್ಲ. ಒಂದು ಸಲ ಕೂಗಿರಬಹುದಲ್ಲ. ಅಪ್ಪ ಇದ್ದದ್ದರಿಂದಲೇ ನಾನು ಓದಿದೆ. ಅವರನ್ನು ಉಳಿಸಿದ ಕೈಗಳೇ ಚಿಕ್ಕಪ್ಪನನ್ನು ಕೊಂದವೇ? ಯಾವ ಪುಸ್ತಕದ ಯಾವ ಪುಟವೂ ನನ್ನನ್ನು ಅಲ್ಲಿಂದ ಹೊರಗೆ ಬಿಡಲಿಲ್ಲ.

ಈಗ ಅಪ್ಪ ಇಲ್ಲ, ಚಿಕ್ಕಮ್ಮ ಇಲ್ಲ. ಮೇಷ್ಟ್ರೂ ತೀರಿಕೊಂಡರೆಂದು ಯಾರೋ ಹೇಳಿದರು. ಅವರ ಮುಖದಲ್ಲಿ ನನಗೆ ಉಳಿದಿರುವುದು ಸೋಪು ಮೆತ್ತಿದ ಆ ಕೆನ್ನೆ ಮಾತ್ರ. ಹಗೇವಿನ ಬಾಯಲ್ಲಿ ಚಿಕ್ಕಮ್ಮ ತಲೆಗೂದಲು ಬಿಚ್ಚಿಕೊಂಡು ನಿಂತದ್ದು ಮಾತ್ರ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

ಹುರುಳಿಯ ಡಬ್ಬಿ ತೆರೆದ ಮರುವಾರ ಊರಿಗೆ ಹೋಗಿ, ಚಿಕ್ಕಮ್ಮನ ಓರಗೆಯ ಒಬ್ಬ ಅಜ್ಜಿಯನ್ನು ಕಂಡೆ. "ಅವತ್ತು ನಾನೂ ನಿನ್ ಚಿಕ್ಕಮ್ಮನೂ ಹೊಳೇಲಿ ಬಟ್ಟೆ ಒಗೀತಿದ್ವಿ ಕಣಪ್ಪ," ಎಂದಿತು ಅಜ್ಜಿ. "ಸುದ್ದಿ ಬಂತು. ನಾನೇ ಕೈ ಹಿಡ್ಕಂಡು ಕರ್ಕಂಡ್ ಬಂದೆ. ನಾವು ಬರೋ ಹೊತ್ಗೆ ಜಗಲಿ ಮೇಲೆ ಮನುಗ್ಸಿದ್ರು." ಒಬ್ಬರ ನೆನಪನ್ನು ನಂಬುವುದು ನನ್ನ ಸ್ವಭಾವವಲ್ಲ. ಆ ದಿನ ಹೊಳೆಗೆ ಸುದ್ದಿ ಒಯ್ದಿದ್ದವನು ಈಗ ಕುಶಾಲನಗರದಲ್ಲಿ ಮಗಳ ಮನೆಯಲ್ಲಿದ್ದಾನೆ. ಅಜ್ಜಿ ಹೇಳಿದ್ದನ್ನು ಬಾಯಿ ಬಿಡದೆ, ಅವನನ್ನು ಬೇರೆಯಾಗಿ ಕೇಳಿದೆ. ಅವನೂ ಅದನ್ನೇ ಹೇಳಿದ: ಹೆಣ ಮೇಲೆ ಬಂದ ಮೇಲೆಯೇ ಅವನು ಹೊಳೆಗೆ ಓಡಿದ್ದು, ಚಿಕ್ಕಮ್ಮ ಆಗ ನೀರಿನಲ್ಲಿ ನಿಂತಿದ್ದರು.