ಅರ್ಧ ಕಾಕುವಿನದು

ಮೊನ್ನೆ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಹಿಂದೆ ಯಾರದೋ ಮದುವೆಗೆಂದು ಮಂಡಿಗೆ ಸುಡುತ್ತಿದ್ದರು. ಕಟ್ಟಿಗೆಯ ಹೊಗೆ, ಬೇಯುವ ಹಿಟ್ಟು, ಕರಗುವ ಸಕ್ಕರೆ, ಮೇಲೊಂದಿಷ್ಟು ಏಲಕ್ಕಿ. ಒದ್ದೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದವಳು ಹಾಗೇ ನಿಂತುಬಿಟ್ಟೆ. ಮಂಡಿಗೆ ಈಗ ಅಂಗಡಿಯ ಡಬ್ಬಿಯಲ್ಲೂ ಸಿಗುತ್ತದೆ. ಆದರೆ ಡಬ್ಬಿಗೆ ಈ ವಾಸನೆ ಎಲ್ಲಿಂದ ಬರಬೇಕು? ನಮ್ಮ ಕಾಕುವಿನ ಕೈ ಎಲ್ಲಿಂದ ಬರಬೇಕು? ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹೋದ ವರ್ಷ ತೀರಿಕೊಂಡಳು. ಹೀಗೆ ಒಂದೇ ಮಾತಿನಲ್ಲಿ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಖಾನಾಪುರದ ನಮ್ಮ ಹೆಂಚಿನ ಮನೆಯಲ್ಲಿ ಅಪ್ಪ, ಅವ್ವ, ಕಾಕಾ, ಕಾಕು, ಜೊತೆಗೆ ನಾನೊಬ್ಬಳೇ ಕೂಸು. ನಾನು ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಿದ್ದಳಂತೆ. ಮಕ್ಕಳಿಲ್ಲದ ಕಾಕು ನನ್ನನ್ನು ಎತ್ತಿಕೊಂಡವಳು ಮತ್ತೆ ಕೆಳಗಿಳಿಸಲೇ ಇಲ್ಲ. ಅವ್ವ ಚೇತರಿಸಿಕೊಂಡ ಮೇಲೆ ಇಬ್ಬರೂ ಜಗಳವಿಲ್ಲದೆ ನನ್ನನ್ನು ಹಂಚಿಕೊಂಡರು. ತಲೆಗೆ ಎರೆಯುವುದು ಕಾಕು, ಹೆರಳು ಹಾಕುವುದು ಅವ್ವ. ಸಾಲೆಗೆ ಕಳಿಸುವುದು ಅವ್ವ, ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು ಕಾಕು. ಓಣಿಯ ಹೆಂಗಸರು ಬೇಕೆಂದೇ “ಯಾರ ಮಗಳವಾ ನೀ?” ಎಂದು ಕೆಣಕಿದರೆ ನಾನು “ಅರ್ಧ ಅವ್ವಂದು, ಅರ್ಧ ಕಾಕುಂದ್ರೀ” ಎನ್ನುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ನಿಮ್ಮ ಬಾಲ್ಯದಲ್ಲೂ ಹೆತ್ತವಳಲ್ಲದ ತಾಯಿಯೊಬ್ಬಳು ಇದ್ದಿದ್ದರೆ, ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವೆಂದು ನಿಮಗೆ ಗೊತ್ತಿರುತ್ತದೆ.

ನಾಲ್ಕನೇ ಇಯತ್ತೆಯಲ್ಲಿ ಸಾಲೆಯ ಅಕ್ಕೋರು ಹಲಗೆಯ ಮೇಲೆ ಸಮಾನ ಭಿನ್ನರಾಶಿ ಬರೆದರು. ಎರಡರಲ್ಲಿ ಒಂದು, ನಾಲ್ಕರಲ್ಲಿ ಎರಡು, ಎಂಟರಲ್ಲಿ ನಾಲ್ಕು, ಎಲ್ಲವೂ ಒಂದೇ ಎಂದರು. ನಾನು ಸುತಾರಾಂ ಒಪ್ಪಲಿಲ್ಲ. ಅಂಶವೂ ದೊಡ್ಡದಾಗಿದೆ, ಛೇದವೂ ದೊಡ್ಡದಾಗಿದೆ, ಮತ್ತೆ ಹೇಗೆ ಒಂದೇ ಎಂದು ವಾದಿಸಿ ಬೈಸಿಕೊಂಡೆ. ಅದೇ ವಾರ ಪಕ್ಕದ ಓಣಿಯ ಮದುವೆಗೆ ಮಂಡಿಗೆ ಮಾಡಲು ಕಾಕುವನ್ನು ಕರೆದರು. ನಾನು ಬಾಲದ ಹಾಗೆ ಹಿಂದೆ ಹೋದೆ. ಅವಳು ಹಿಟ್ಟನ್ನು ಎರಡೂ ಮುಂಗೈಗಳ ಮೇಲೆ ಆಡಿಸುತ್ತ ಸೀರೆಯ ಸೆರಗಿನಷ್ಟು ಅಗಲ ಮಾಡಿ, ಒಲೆಯ ಮೇಲೆ ಬೋರಲು ಹಾಕಿದ ಕಡಾಯಿಗೆ ಹೊದಿಸುತ್ತಿದ್ದಳು. ಒಮ್ಮೆ ಮಡಿಚಿದಳು, ಅರ್ಧವಾಯಿತು. ಇನ್ನೊಮ್ಮೆ ಮಡಿಚಿದಳು. “ಬಿಸಿ ಇದ್ದಾಗನ ಮಡಚಬೇಕವಾ, ಆರಿದ ಮ್ಯಾಲ ಮುರೀತೈತಿ,” ಎಂದು ನನ್ನ ಕೈಗೊಂದನ್ನು ಕೊಟ್ಟಳು. ಆರುವ ಮೊದಲೇ ನಾನು ಅದನ್ನು ಬಿಡಿಸಿ ನೋಡಿದೆ. ಅಡ್ಡಗೆರೆ, ಉದ್ದಗೆರೆ, ನಾಲ್ಕು ಭಾಗ. ಈ ಕಡೆ ಎರಡು, ಆ ಕಡೆ ಎರಡು. ಅರ್ಧ ಎಲ್ಲೂ ಹೋಗಿರಲಿಲ್ಲ, ಅದರ ಮೈಮೇಲೆ ಒಂದು ಗೆರೆ ಮೂಡಿತ್ತು, ಅಷ್ಟೇ. ಖುಷಿಗೆ ಕುಣಿದು ಮೂಗಿನ ತುದಿಗೆಲ್ಲ ಸಕ್ಕರೆ ಮೆತ್ತಿಕೊಂಡೆ. ಕಾಕುವಿಗೆ ಅದರ ತಲೆಬುಡ ತಿಳಿಯದಿದ್ದರೂ ನನ್ನ ಜೊತೆ ನಕ್ಕಳು.

ಮರುವರ್ಷ ಅಪ್ಪನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ನಾವು ಬೆಳಗಾವಿಗೆ ಬಂದೆವು. ಬೇಸಿಗೆ ಸೂಟಿಯ ಅರ್ಧ ಕಾಕುವಿನದು ಎಂದು ಅವ್ವ ಮಾತು ಕೊಟ್ಟಿದ್ದಳು. ಆದರೆ ಸೂಟಿ ಬಂದಾಗ, ಅಷ್ಟು ದಿನ ಒಂದೇ ಸಮ ನನ್ನನ್ನು ಬಿಟ್ಟಿರಲು ಅವಳಿಗೂ ಆಗಲಿಲ್ಲ. ಸೂಟಿಯ ಮೊದಲಿಗೆ ಕಾಲು ಭಾಗ, ಕೊನೆಗೆ ಕಾಲು ಭಾಗ ಎಂದು ಆ ಅರ್ಧವನ್ನು ಎರಡು ಪಾಲು ಮಾಡಿದಳು. ಕಾಕುವಿನ ಮುಖ ಸಣ್ಣದಾಯಿತು. ಆಗ ನಾನು ದೊಡ್ಡ ಪಂಡಿತೆಯಂತೆ ಹೇಳಿದೆ: “ನಾಕರಾಗ ಎರಡಂದ್ರೂ ಅರ್ಧನ ಕಾಕು, ಏನೂ ಕಮ್ಮಿ ಆಗಂಗಿಲ್ಲ.” ಅವಳು ಬೆರಳು ಮಡಚಿ ಎಣಿಸಿ ಅರಳಿದಳು. “ಹಂಗಾರ ನೀ ಎರಡು ಸಲ ಬರ್ತಿ!” ಎಂದಳು. ಎರಡನೇ ಸಲ ಖಾನಾಪುರ ಸ್ಟೇಷನ್ನಿನಲ್ಲಿ ನನ್ನನ್ನು ರೈಲು ಹತ್ತಿಸುವಾಗ ಕಿಟಕಿಯ ಸರಳು ಹಿಡಿದುಕೊಂಡು, “ಎರಡು ಸಲ ಹೋಗೂದೂ ಇರತೈತಿ, ಅದನ್ನ ನೀ ಹೇಳಲೇ ಇಲ್ಲಲ್ಲ,” ಎಂದು ಅತ್ತಳು. ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ಸೂಟಿಗಳು ಸಣ್ಣವಾದವು, ನಾನು ದೊಡ್ಡವಳಾದೆ. ಕಾಕಾ ಹೋದರು, ಅಪ್ಪನೂ ಹೋದರು. ಹೆಂಚಿನ ಮನೆಯ ಜಾಗದಲ್ಲಿ ಈಗ ಬೇರೆಯವರ ಎರಡಂತಸ್ತಿನ ಕಟ್ಟಡವಿದೆ. ಕಾಕು ಕೊನೆಯ ದಿನಗಳನ್ನು ಕಳೆದದ್ದು ನೆಹರು ನಗರದ ಆಸ್ಪತ್ರೆಯಲ್ಲಿ. ನಾನು ಕೈ ಹಿಡಿದು ಕೂತಿದ್ದಾಗಲೇ ಆ ಕೈ ತಣ್ಣಗಾಯಿತು.

ದಿನಕರ್ಮ ಮುಗಿದು ಬಂದವರೆಲ್ಲ ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು. ಅಷ್ಟು ವರ್ಷ ಕಾಕುವಿನ ಪಾಲಿನ ಬಗ್ಗೆ ಒಂದು ಕೊಂಕು ಮಾತೂ ಆಡದಿದ್ದವಳು ನನ್ನ ಗಲ್ಲ ಸವರುತ್ತ ಹೇಳಿದಳು: “ಅಕಿ ಅರ್ಧಾನೂ ನನಗ ಬಿಟ್ಟು ಹೋದ್ಲು ನೋಡು. ಈಗ ನೀ ಪೂರಾ ನನ್ನಾಕಿ. ನನಗ ಬ್ಯಾಡಾಗಿತ್ತವಾ.”

ನಾನು ಅವ್ವನ ಮಡಿಲಲ್ಲಿ ಮುಖವಿಟ್ಟು ಕಾಕುವನ್ನು ಕರೆದು ಅತ್ತೆ. ಅವ್ವ ತಡೆಯಲಿಲ್ಲ.