ಫ್ಯೂಸಿಗೆ ಸುತ್ತಿದ ದಪ್ಪ ತಂತಿ

ಇವತ್ತು ದೊಡ್ಡಪ್ಪನ ಹೊಸ ಮನೆಯ ಗೃಹಪ್ರವೇಶ. ಊಟದ ಹೊತ್ತಿಗೆ ಗ್ರೈಂಡರ್ ಹಾಕಿದ್ದೇ ವೈರು ಸುಟ್ಟ ವಾಸನೆ ಬಂತು, ಎಂಸಿಬಿ ಸ್ವಿಚ್ಚು ಟಪ್ಪನೆ ಕೆಳಗೆ ಬಿದ್ದು ಕರೆಂಟು ಹೋಯಿತು. "ಅದು ಮತ್ತೆ ಬೀಳ್ದಂಗೆ ಮೇಲೆತ್ತಿ ದಾರ ಕಟ್ರೋ" ಎಂದು ದೊಡ್ಡಪ್ಪ ಪಂಕ್ತಿಯಲ್ಲಿ ಕೂತಲ್ಲಿಂದಲೇ ಕೂಗಿದ.

ಆ ವಾಸನೆ ನನಗೆ ಗೊತ್ತು. ನಾವೆಲ್ಲ ಒಟ್ಟಿಗಿದ್ದ ಕಣಕಟ್ಟೆಯ ಹಳೇ ಮನೆಯಲ್ಲಿ ಅಮ್ಮ ಇಸ್ತ್ರಿ ಪೆಟ್ಟಿಗೆ ಹಾಕಿದಾಗಲೆಲ್ಲ ಫ್ಯೂಸ್ ಹೋಗುತ್ತಿತ್ತು. ಅದರೊಳಗಿನ ಕೂದಲಿನಂಥ ತಂತಿ ತಾನು ಕರಗಿ ಮನೆಯನ್ನು ಉಳಿಸುತ್ತಿತ್ತು. ಪದೇ ಪದೇ ಕಟ್ಟಿ ಬೇಸತ್ತ ದೊಡ್ಡಪ್ಪ ದಪ್ಪ ತಾಮ್ರದ ತಂತಿ ಸುತ್ತಿ, "ಇನ್ನ್ ಅದೆಂಗ್ ಹೋಯ್ತದೋ ನೋಡ್ತೀನಿ" ಎಂದ. ಫ್ಯೂಸ್ ಹೋಗಲಿಲ್ಲ. ಒಂದು ಮಧ್ಯಾಹ್ನ ಗೋಡೆಯ ವೈರೇ ಕಾದು ಹೊತ್ತಿಕೊಂಡು, ಅಟ್ಟದ ಕೊಬ್ಬರಿಗೆಲ್ಲ ಬೆಂಕಿ ಹತ್ತಿತು.

"ಇವ್ಳ ಇಸ್ತ್ರಿ ಶೋಕಿಗೆ ಮನೆ ಸುಟ್ಟೋಯ್ತು ಕಣ್ರೀ" ಎಂದು ದೊಡ್ಡಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಅಮ್ಮ ಮತ್ತೆ ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ. ಮದುವೆಗಳಿಗೂ ಮುದುಡಿದ ಸೀರೆಯಲ್ಲೇ ಹೋದಳು. ನಾನು ಬೂದಿ ಕೆದಕಿ ಆ ದಪ್ಪ ತಂತಿಯನ್ನು ಎತ್ತಿಟ್ಟುಕೊಂಡೆ.

ಇಷ್ಟು ವರ್ಷ ಕಾದಿದ್ದೆ. ಇವತ್ತು ಅದನ್ನು ಪರ್ಸಿನಿಂದ ತೆಗೆದು ಅವನ ಎಲೆಯ ಮೇಲಿಟ್ಟೆ.

"ದಾರ ಯಾಕೆ ದೊಡ್ಡಪ್ಪ? ಇದನ್ನೇ ಕಟ್ಟಿಸಿ. ಅವತ್ತು ಫ್ಯೂಸಿಗೆ ನೀವೇ ಸುತ್ತಿದ್ದು."

ಪಂಕ್ತಿಯೆಲ್ಲ ತಿರುಗಿ ನೋಡಿತು. ಅವನು ಎಲೆಯನ್ನು ತಂತಿಯ ಮೇಲೆ ಮಡಚಿದ. ಎದುರು ಸಾಲಿನಲ್ಲಿ ಅಮ್ಮ ಕೂತಿದ್ದಳು. ಅವಳ ಸೀರೆಗೆ ಬೆಳಿಗ್ಗೆ ನಾನೇ ಇಸ್ತ್ರಿ ಹಾಕಿದ್ದೆ.