ಎರಡು ಮಸಾಲೆ, ಒಂದು ಸಾದಾ

ಕಾದ ದೋಸೆಕಲ್ಲಿಗೆ ನೀರು ಚಿಮುಕಿಸಿ ಹಿಡಿಸೂಡಿಯಿಂದ ಗುಡಿಸಿದಾಗ ಏಳುತ್ತದಲ್ಲ, ಕಬ್ಬಿಣ, ಎಣ್ಣೆ, ಸೀದ ಹಿಟ್ಟು ಎಲ್ಲ ಬೆರೆತ ಹಬೆ, ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇಂದಿಗೂ ಹಸಿವಾಗುವುದಿಲ್ಲ, ಅಳು ಬರುತ್ತದೆ. ಕಳೆದ ವಾರ ಅಡ್ಯಾರಿನ ಒಂದು ಪುಟ್ಟ ಸಭಾಂಗಣದಲ್ಲಿ ನನ್ನ ಹಾಡುಗಳನ್ನು ಹಾಡಲು ಹೋಗಿದ್ದೆ. ಕೆಳಗಿನ ಹೋಟೆಲಿನಿಂದ ಅದೇ ವಾಸನೆ ಮೇಲೆ ಬಂತು. ಗಿಟಾರಿನ ತಂತಿ ಬಿಗಿಯುತ್ತಿದ್ದವಳು ಹಾಗೇ ಕೂತುಬಿಟ್ಟೆ. ನಾನು ಬರೆದದ್ದರಲ್ಲಿ ಜನ ಹೆಚ್ಚು ಕೇಳುವುದು ‘ಎರಡು ಮಸಾಲೆ, ಒಂದು ಸಾದಾ’ ಎಂಬ ಹಾಡನ್ನು. ತಿಂಡಿಯ ಹಾಡೆಂದು ಮೊದಲು ನಗುತ್ತಾರೆ, ಪಾಪ. ಅದು ನಮ್ಮ ಮನೆ ಮುರಿದ ಕಥೆ.

ಮನೆ ಅಂದರೆ ಕ್ರೋಂಪೇಟೆಯ ಒಂದು ಉಡುಪಿ ಹೋಟೆಲಿನ ಮೇಲಿನ ಎರಡು ಕೋಣೆ. ಅಪ್ಪಯ್ಯ ದೋಸೆಕಲ್ಲಿನ ಮುಂದೆ. ಅಮ್ಮನ ತಮ್ಮ ಸೀನಮಾವ ಸಪ್ಲೈಯರ್. ಸುತ್ತಲೂ ತಮಿಳಾದರೂ ಮಾವ ಅಡುಗೆಮನೆಗೆ ಕೂಗುವುದು ಕನ್ನಡದಲ್ಲೇ, ಅದೂ ರಾಗವಾಗಿ: “ಎರಡು ಮಸಾಲೇ... ಒಂದು ಸಾದಾ!” ಕೂಗಿದ್ದನ್ನು ಅಪ್ಪಯ್ಯ ಅದೇ ರಾಗದಲ್ಲಿ ತಿರುಗಿ ಹೇಳಬೇಕು. ಹೇಳದಿದ್ದರೆ ಕೇಳಿಸಲಿಲ್ಲವೆಂದು ಅರ್ಥ. ಮಾವ ಮತ್ತೆ ಕೂಗುತ್ತಿದ್ದ. ಮೇಲೆ ಅಮ್ಮ ಬಟ್ಟೆ ಮಡಚುತ್ತ ಇಬ್ಬರನ್ನೂ ಅಣಕಿಸಿ ಹಾಡುತ್ತಿದ್ದಳು, ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ನಗುತ್ತಿದ್ದೆ. ನನ್ನ ಸಂಗೀತಪಾಠ ಅಷ್ಟೇ. ನಿಮಗೂ ಅಂಥದೊಂದು ಮನೆ ಇದ್ದೀತು, ಈಗ ಹೋಗಿ ನಿಂತರೆ ಗುರುತೂ ಸಿಗದಂಥದ್ದು.

ಒಂದು ಆಯುಧಪೂಜೆಯ ದಿನ ಅಮ್ಮನ ಉಬ್ಬಸ ಜೋರಾಯಿತು. ನಾನು ಕೆಳಗೆ ಓಡಿದೆ. ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. “ಭಾವ, ಅಕ್ಕನ್ನ ಆಸ್ಪತ್ರೆಗೆ ಕರ್ಕಂಡ್ ಹೋಪ” ಅಂದ ಮಾವ. ಅಪ್ಪಯ್ಯ ತಲೆಯೆತ್ತದೆ, “ರಶ್ ಕಮ್ಮಿ ಆಯ್ಲಿ, ಹೋಪ” ಅಂದರು. ಮಾವನೂ ಹೆಗಲ ಟವೆಲು ಬಿಸುಟು ಹೊರಡಲಿಲ್ಲ. ಟೇಬಲಿಗೆ ಹೋಗಿ ಮತ್ತೆ ಕೂಗಿದ, ಅಪ್ಪಯ್ಯ ತಿರುಗಿ ಹೇಳಿದರು. ಜನ ಕರಗುವ ಹೊತ್ತಿಗೆ ಅಮ್ಮ ಇರಲಿಲ್ಲ. ಅಂದಿನಿಂದ ಅವರಿಬ್ಬರ ಮಾತು ನಿಂತಿತು. ಒಬ್ಬರನ್ನೊಬ್ಬರು ದೂರಿದರೋ, ತಮ್ಮನ್ನೇ ಶಪಿಸಿಕೊಂಡರೋ, ನನಗೆ ಯಾರೂ ಹೇಳಲಿಲ್ಲ. ಆದರೆ ಕೆಲಸ ಬಿಡುವಂತಿಲ್ಲವಲ್ಲ. ದಿನವಿಡೀ ಮಸಾಲೆ, ಸಾದಾ ಎಂದು ಕೂಗಿಕೊಳ್ಳುತ್ತಲೇ ಇದ್ದರು, ರಾಗವಿಲ್ಲದೆ.

ಎಷ್ಟೋ ವರ್ಷಗಳ ಮೇಲೆ ಮಾವ ಹಾಸಿಗೆ ಹಿಡಿದ. ಇನ್ನು ಆಸೆಯಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಪ್ಪಯ್ಯನನ್ನು ಬಲವಂತದಿಂದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ಮಾತಾದರೂ ಆಡಲಿ ಎಂಬ ಆಸೆ ನನಗೆ. ಮಾವ ಜ್ವರದ ಮಂಪರಿನಲ್ಲಿ ಕಣ್ಣುಮುಚ್ಚಿಯೇ ಕೂಗುತ್ತಿದ್ದ, ಹಳೆಯ ರಾಗದಲ್ಲಿ. ಉತ್ತರ ಬರಲಿಲ್ಲ, ಮತ್ತೆ ಕೂಗಿದ. ತಡೆಯಲಾರದೆ ನಾನೇ ತಿರುಗಿ ಹೇಳಿದೆ. ಅವನಿಗೆ ಬೇಕಾದ ದನಿ ಅದಲ್ಲ. ಬೇಡವೆಂಬಂತೆ ತಲೆ ಅಲ್ಲಾಡಿಸಿ ಮತ್ತೆ ಕೂಗಿದ. “ಒಂದ್ಸಲ ಹೇಳಿ ಅಪ್ಪಯ್ಯ” ಎಂದು ಬೇಡಿಕೊಂಡೆ. “ಈಗ ಹೇಳ್ರೆ ಅವಳು ಬತ್ತಾಳಾ?” ಎಂದವರೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಒಳಗೆ ಕೂಗು ಸಣ್ಣದಾಗುತ್ತ ಹೋಗಿ ಸಂಜೆಯ ಹೊತ್ತಿಗೆ ನಿಂತಿತು.

ನನ್ನ ಹಾಡಿನಲ್ಲಿ ಕೂಗು ಮಾತ್ರ ಇದೆ. ಅದಕ್ಕೆ ಉತ್ತರದ ಸಾಲು ಬರೆಯಲು ಹಲವು ಸಲ ಕೂತೆ, ಕೈ ಬರಲಿಲ್ಲ. ಅಪ್ಪಯ್ಯ ಬದುಕಿದ್ದಾಗ ಒಮ್ಮೆ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. ಮರಳುವಾಗ ಆಟೋದಲ್ಲಿ, “ಪದ ಅರ್ಧಕ್ಕೇ ನಿಂತ್ಹೋಯ್ತಲೆ ಮಗಾ” ಅಂದರು. “ಹೌದು ಅಪ್ಪಯ್ಯ” ಅಂದೆ. ಅವರು ಹೊರಗೆ ನೋಡುತ್ತ ಬಾಯೊಳಗೇ ಏನೋ ಹೇಳಿಕೊಂಡರು. ಆಟೋದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಅಂದೆ. ಹೇಳಲಿಲ್ಲ.